ರೊಟ್ಟಿ ಸುಡುವಾಗ ಬರಬೇಡ ಸ್ವಾಮಿ

ಕಾಲಾಡಿಸೋದು ಬಿಟ್ಟು ಶಿಲುಬೆ ಗುರುತು ಹಾಕ್ಕೋ ಫಿಲೋಮಿ, ಆಮೇಲೆ ಕತೆ. ಹಾಂ, ಹಂಗೆ ಬಾ ದಾರಿಗೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರದ ಕಾಲದಲ್ಲಿ, ಇನ್ನಾಸಪ್ಪ ಅಂತ ಒಬ್ಬ ಗಾರೆ ಕೆಲಸದವನಿದ್ದನಂತೆ. ಅವನಿಗೆ ಮೂರು ಹೆಣ್ಣುಮಕ್ಕಳು. ದೊಡ್ಡವಳ ಮದುವೆಯಾಯ್ತು, ನಡುವಿನವಳದ್ದೂ ಆಯ್ತು, ಕಿರಿಯವಳು ಜ್ಞಾನಮ್ಮ ಮಾತ್ರ ನಾನು ಏಸುಸ್ವಾಮಿ ಹತ್ರಾನೇ ಇರ್ತೀನಿ ಅಂತ ಹಟ ಹಿಡಿದು ಸಿಸ್ಟರ್‌ಗಳ ಮಠ ಸೇರಿದ್ಲಂತೆ.

ಆ ಮಠದ ಯಜಮಾನಿ ಮದರಮ್ಮ, ಅಬ್ಬಬ್ಬಾ, ಮೂಗಿನ ತುದೀಲೇ ಕೋಪ! ಅವರು ಜ್ಞಾನಮ್ಮನಿಗೆ ಪೂಜೆಯ ರೊಟ್ಟಿ, ಅದೇ ಫಾದರ್ ಕೈಲಿ ಸ್ವಾಮಿಯ ಶರೀರ ಆಗುತ್ತಲ್ಲ, ಅದನ್ನ ಮಾಡೋ ಕೆಲಸ ಕೊಟ್ರು. ಗೋಧಿ ಹಿಟ್ಟಿಗೆ ಬರೀ ನೀರು, ಉಪ್ಪಿಲ್ಲ ಗಿಪ್ಪಿಲ್ಲ, ಉದ್ದ ಹಿಡಿಯ ಕಬ್ಬಿಣದ ಅಚ್ಚಲ್ಲಿ ಒತ್ತಿ, ಬೆಂಕಿ ಮೇಲೆ ಹಿಡಿದು, ಕಣ್ಣು ಮಿಟುಕಿಸೋದ್ರೊಳಗೆ ತೆಗೀಬೇಕು. ಆದ್ರೆ ಇವಳು ಒಲೆ ಮುಂದೆ ಕೂತ್ರೆ ಸಾಕು, ಏಸುಸ್ವಾಮಿ ಬಂದು ಪಕ್ಕದಲ್ಲಿ ನಿಲ್ತಿದ್ರಂತೆ. ನೋಡ್ತಾ ನೋಡ್ತಾ ಇವಳು ಮೈಮರೀತಿದ್ಲು, ರೊಟ್ಟಿ ಕರಕಲು. ಒಂದ್ಸಲ ಸುಟ್ಟಾಗ ಮದರಮ್ಮ ಬೈದ್ರು. ಎರಡನೇ ಸಲ ಮೊಣಕಾಲೂರಿಸಿದ್ರು. ಆಮೇಲೆ ಹೇಳಿದ್ರಂತೆ, ನಾಳೆ ಮಾತೆಯ ಹಬ್ಬ, ಬಿಷಪ್ ಬರ್ತಾರೆ, ಇನ್ನೊಂದು ಸಲ ಸುಟ್ಟಿಯೋ, ಗಂಟುಮೂಟೆ ಕಟ್ಕೊಂಡು ಅಪ್ಪನ ಮನೆಗೆ ನಡಿ ಅಂತ.

ಜ್ಞಾನಮ್ಮ ಮಠ ಬಿಟ್ಟು ಎಲ್ಲಿಗೆ ಹೋಗ್ಲಿ ಅಂತ ಅಳ್ತಾ ಒಲೆ ಹಚ್ಚಿದ್ಲು, ಅಷ್ಟರಲ್ಲಿ ಸ್ವಾಮಿ ಬಂದೇ ಬಿಟ್ರಂತೆ! ಇವಳು ಮುಖ ಎತ್ತದೆ ಗದರಿದ್ಲು, ನಿನ್ನ ದಮ್ಮಯ್ಯ, ರೊಟ್ಟಿ ಸುಡುವಾಗ ಬರಬೇಡ ಸ್ವಾಮಿ, ನಿನ್ನ ಪೂಜೇಗೇ ತಾನೇ ಮಾಡ್ತಿರೋದು! ಸ್ವಾಮಿ ನಕ್ಕು ಹೊರಟುಹೋದ್ರಂತೆ. ಹೂಂ ಕಣೇ, ಅವರನ್ನೇ ಗದರಿದ್ಲು. ಪ್ರೀತಿ ಇದ್ದಲ್ಲಿ ಅಷ್ಟು ಸಲಿಗೆ ಇರುತ್ತೆ.

ರೊಟ್ಟಿ ಮಲ್ಲಿಗೆಯಂಗೆ ಬೆಳ್ಳಗೆ ಬಂತು, ಜ್ಞಾನಮ್ಮ ಮಠದಲ್ಲೇ ಉಳಿದ್ಲು. ಆದ್ರೆ ಸ್ವಾಮಿ ಆ ಸಂಜೆ ಬರ್ಲಿಲ್ಲ, ಮಾರನೇ ದಿನ ಬರ್ಲಿಲ್ಲ, ಮಳೆಗಾಲ ಹೋಗಿ ಚಳಿಗಾಲ ಬಂದ್ರೂ ಬರ್ಲಿಲ್ಲ. ಅಯ್ಯೋ, ಬಾಯಾರೆ ನಾನೇ ಓಡಿಸಿಬಿಟ್ನಲ್ಲ ಅಂತ ಕೊರಗಿದ್ಲು ಪಾಪ. ಆದ್ರೂ ಕೆಲಸ ಬಿಡ್ಲಿಲ್ಲ. ದಿನಾ ಅಚ್ಚು ಕಾಯಿಸೋದು, ಅಷ್ಟು ದಿನ ಬಂದ್ಯಲ್ಲ, ಅದಕ್ಕೇ ಸ್ತೋತ್ರ ಸ್ವಾಮಿ ಅನ್ನೋದು.

ಪೂಜೇಲಿ ಫಾದರ್ ರೊಟ್ಟಿ ಎತ್ತುವಾಗ ಎಲ್ಲರೂ ತಲೆ ಬಗ್ಗಿಸ್ತೀವಲ್ಲ, ಇವಳೂ ಹಂಗೇ ಬಗ್ಗಿಸ್ತಿದ್ಲು. ಒಂದು ದಿನ ಮಾತ್ರ, ಅಂಚು ಕೆಂಪಾಗಿದೆಯೇನೋ ಅನ್ನೋ ಭಯಕ್ಕೆ ಕದ್ದು ನೋಡಿದ್ಲಂತೆ. ನೋಡ್ತಾಳೆ, ಆ ರೊಟ್ಟೀಲಿ ಅದೇ ಮುಖ, ಅದೇ ನಗು! ಸುಡುವಾಗ ಬರಬೇಡ ಅಂದೆ ನೀನು, ನಾನು ಬರ್ಲಿಲ್ಲ, ಆದ್ರೆ ನೀನು ಮಾಡಿದ್ರೊಳಗೆ ದಿನಾ ಬರ್ತಿದೀನಿ, ನೀನೇ ತಲೆ ಎತ್ತಲಿಲ್ಲ ಅಂದ್ರಂತೆ ಸ್ವಾಮಿ.

ಜ್ಞಾನಮ್ಮ ಪೂಜೆ ಮಧ್ಯದಲ್ಲೇ ಗಟ್ಟಿಯಾಗಿ ನಕ್ಕುಬಿಟ್ಲು. ಮದರಮ್ಮ ಬೈಯೋಕೆ ತಿರುಗಿ, ಅವಳ ಮುಖ ನೋಡಿ, ಬೈಯೋದು ಮರೆತು ತಾವೇ ಅತ್ತುಬಿಟ್ರಂತೆ. ಆಮೇಲೆ ಅವಳು ತಲೆ ನರೆಯೋವರೆಗೂ ಸುಖವಾಗಿ ರೊಟ್ಟಿ ಮಾಡ್ಕೊಂಡಿದ್ಲು, ಜನ ಸಂತಮ್ಮ ಅಂತ ಕೈಮುಗಿದ್ರು. ಅವಳು ಮಾತ್ರ ಸ್ವಾಮಿ ಹತ್ರ ಮತ್ತೇನೂ ಕೇಳ್ಲಿಲ್ಲ, ಬರೀ ಸ್ತೋತ್ರ.

ನಿದ್ದೆ ಬಂತಾ ನನ್ನ ಕಂದ? ಕತೆ ಮುಗೀತು. ಸ್ತೋತ್ರ ಸ್ವಾಮಿ, ಈ ಮಗೂನ ನನ್ನ ಮಡಿಲಿಗೆ ಕೊಟ್ಟಿದ್ದಕ್ಕೆ.