ನಿದ್ದೆಗೆ ಕಾಫಿ ಕೊಟ್ಟ ಊರು

ಒಂದಾನೊಂದು ಊರು. ಊರೆಂದ ಮೇಲೆ ಅದಕ್ಕೊಬ್ಬ ರಾಜ, ರಾಜನೆಂದ ಮೇಲೆ ಅವನಿಗೊಂದು ಹುಚ್ಚು ಇರಲೇಬೇಕಲ್ಲ. ಈ ರಾಜನಿಗೆ ಕಾಫಿಯ ಹುಚ್ಚು. ದಿನಕ್ಕೆ ನಲವತ್ತು ಲೋಟ ಕುಡಿಯುತ್ತಿದ್ದ. ತಾನು ಕುಡಿದರೆ ಸಾಕೇ? ಹೊಸ್ತಿಲು ತುಳಿದವರು ಯಾರೇ ಆಗಲಿ, ಕಾಫಿ ಕುಡಿಯದೆ ಹೋಗಬಾರದು, ಕೊಟ್ಟದ್ದನ್ನು ಬೇಡ ಅನ್ನಬಾರದು, ಅವರಿರುವ ತನಕ ಲೋಟ ಖಾಲಿ ಇರಬಾರದು ಎಂದು ಡಂಗುರ ಸಾರಿಸಿದ್ದ. ಕೊಡದ ಕೈಯನ್ನು ಕಡಿಸುತ್ತೇನೆ ಎಂದೂ ಸಾರಿಸಿದ್ದ.

ಅರಮನೆಯ ಕಾಫಿ ಚೆನ್ನಾಜಮ್ಮನ ಕೈಯದು. ಒಂದು ದಿನವೂ ಹದ ತಪ್ಪಿದವಳಲ್ಲ.

ಒಂದು ಮಧ್ಯಾಹ್ನ ಊಟವಾದ ಮೇಲೆ ನಿದ್ದೆ ಅರಮನೆಗೆ ಬಂದಳು. ಬಹಳ ವಯಸ್ಸಾದ ಹೆಂಗಸು, ಹೆಗಲ ಮೇಲೆ ಕಂಬಳಿ. ಹೊಸ್ತಿಲ ಹತ್ತಿರ ನಿಂತು "ಬರಲೇ?" ಅಂದಳು. ಬಂದವರಿಗೆ ಏನು ಮಾಡಬೇಕೋ ಚೆನ್ನಾಜಮ್ಮ ಅದನ್ನೇ ಮಾಡಿದಳು. ನೊರೆ ಬರುವಂತೆ ಎತ್ತಿ ಹುಯ್ದು, ಲೋಟ ತುಂಬ ಕೊಟ್ಟಳು.

"ನನಗೆ ಒಗ್ಗಲ್ಲ ಕಣಮ್ಮ," ಅಂದಳು ನಿದ್ದೆ.

"ಬೇಡ ಅನ್ನಬಾರದು ತಾಯಿ. ರಾಜಾಜ್ಞೆ."

ನಿದ್ದೆ ಕುಡಿದಳು. ಅವಳ ಕಣ್ಣು ಮೊದಲ ಸಲ ಪೂರ್ತಿ ತೆರೆಯಿತು. ಆಮೇಲೆ ಮುಚ್ಚಲಿಲ್ಲ.

ನಿದ್ದೆಗೇ ನಿದ್ದೆಯಿಲ್ಲ. ತನ್ನ ಹತ್ತಿರ ಇಲ್ಲದ್ದನ್ನು ಊರಿಗೆ ಎಲ್ಲಿಂದ ಕೊಟ್ಟಾಳು? ಊರಿಗೆ ಊರೇ ಎಚ್ಚರ. ಎಚ್ಚರವಿದ್ದು ಜನ ಬಳಲಿದರು. ಬಳಲಿದ್ದಕ್ಕೆ ಇನ್ನಷ್ಟು ಕಾಫಿ ಕುಡಿದರು. ಹುಂಜ ರಾಜನ ಮುಂದೆ ನಿಂತು, "ಎದ್ದವರನ್ನೇ ಎಬ್ಬಿಸುವುದು ನಮ್ಮ ಕುಲಕ್ಕೆ ಅವಮಾನ ಬುದ್ಧಿ," ಎಂದು ಕೆಲಸ ಬಿಟ್ಟಿತು. ದಿಂಬುಗಳು "ನಮಗೆ ತಲೆ ಕೊಡಿಸಿ" ಎಂದು ಅರ್ಜಿ ಹಾಕಿದವು. ಕನಸುಗಳು ಹೊಕ್ಕಲು ಜಾಗ ಸಿಗದೆ ಊರಬಾಗಿಲಲ್ಲಿ ಸಾಲಾಗಿ ಕೂತವು. ಬಂದವರು ತಾನೇ, ಅವಕ್ಕೂ ಕಾಫಿ ಕೊಟ್ಟರು.

ಚೆನ್ನಾಜಮ್ಮನ ಮನೆಯಲ್ಲಿ ಮೂರು ತಿಂಗಳ ಮೊಮ್ಮಗಳಿದ್ದಳು. ಹದಿನೆಂಟು ದಿನದಿಂದ ಮಗು ರೆಪ್ಪೆ ಮುಚ್ಚಿರಲಿಲ್ಲ. ಅಳುತ್ತಲೂ ಇರಲಿಲ್ಲ, ಸುಮ್ಮನೆ ನೋಡುತ್ತಿತ್ತು. ಸೊಂಟದ ಉಡಿದಾರ ಸಡಿಲವಾಗಿ ಮೊಣಕಾಲಿಗೆ ಜಾರಿತ್ತು.

"ಅವ್ವಾ, ಇದು ಇನ್ನೆಷ್ಟು ದಿನ ತಡೆದೀತು?" ಅಂದಳು ಮಗಳು.

ಚೆನ್ನಾಜಮ್ಮ ನೇರ ಅರಮನೆಗೆ ನಡೆದಳು. ನಿದ್ದೆ ಜಗಲಿಯ ಮೇಲೆ ಕೂತು ಕಾಲು ಕುಣಿಸುತ್ತಿದ್ದಳು.

"ತಾಯೀ, ನಮ್ಮ ಮಗು ಹತ್ತಿರ ಒಂದು ಗಳಿಗೆ ಬಾ."

"ಬಂದು ಏನು ಮಾಡಲಿ? ಮೊದಲು ನಾನು ಮಲಗಬೇಕು. ಲೋಟ ಖಾಲಿಯಾದ ಕೂಡಲೇ ನೀನೇ ತುಂಬ್ತೀಯಲ್ಲೇ."

"ತುಂಬದಿದ್ದರೆ ನನ್ನ ಕೈ ಹೋಗುತ್ತೆ."

"ತುಂಬಿದರೆ ಮಗು ಹೋಗುತ್ತೆ," ಅಂದಳು ನಿದ್ದೆ. ಹೇಳುವಾಗ ಅವಳಿಗೂ ಅಳು ಬಂತು.

ಚೆನ್ನಾಜಮ್ಮ ಒಳಗೆ ಹೋದಳು. ಒಲೆಯ ಮೇಲೆ ಹಾಲು ಉಕ್ಕಿತು, ಇಳಿಸಲಿಲ್ಲ. ಸ್ವಲ್ಪ ಹೊತ್ತು ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಲೋಟವಿಲ್ಲದೆ ಹೊರಗೆ ಬಂದು, ಆ ಊರಿನಲ್ಲಿ ಅದುವರೆಗೆ ಯಾರೂ ಕೇಳದಿದ್ದ ಮಾತು ಕೇಳಿದಳು.

"ಕಾಫಿ ಆಯ್ತಾ ತಾಯಿ?"

ನಿದ್ದೆ ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು.

"ಆಯ್ತು ಕಣಮ್ಮ."

ರಾಜ ಕತ್ತಿ ಹಿಡಿದು ಓಡಿ ಬಂದ. "ಯಾಕೆ ಕೊಡಲಿಲ್ಲ?"

"ಆಯ್ತಂತೆ ಬುದ್ಧಿ. ಆಯ್ತು ಅಂದವರಿಗೆ ಮತ್ತೆ ಕೊಟ್ಟರೆ ಅವರು ಸುಳ್ಳು ಹೇಳಿದರು ಅಂದ ಹಾಗಾಗುತ್ತೆ. ಮನೆಗೆ ಬಂದವರನ್ನ ಸುಳ್ಳರು ಅನ್ನಬಹುದಾ?"

ರಾಜ ತನ್ನ ಕಾನೂನನ್ನೆಲ್ಲ ಜಾಲಾಡಿದ. ಇದಕ್ಕೆ ಕಾನೂನಿರಲಿಲ್ಲ. ಕತ್ತಿ ತಗ್ಗಿತು.

"ತಮ್ಮದು ಆಯ್ತಾ ಬುದ್ಧಿ?"

ರಾಜನನ್ನೂ ಯಾರೂ ಕೇಳಿರಲಿಲ್ಲ. "ಆ..." ಅಂದ. ಅಷ್ಟರಲ್ಲಿ ಜಗಲಿಯ ಮೇಲೆ ನಿದ್ದೆ ಕಂಬಳಿ ಹೊದ್ದು ಕಣ್ಣು ಮುಚ್ಚಿದಳು. ಉಳಿದ ಮಾತು ರಾಜನ ಗೊರಕೆಯಲ್ಲಿ ಹೋಯಿತು.

ಚೆನ್ನಾಜಮ್ಮನ ಕಣ್ಣೂ ಎಳೆಯುತ್ತಿತ್ತು. ಮಗುವನ್ನು ನೋಡದೆ ಮಲಗುವವಳಲ್ಲ ಅವಳು. ದಾರಿಯುದ್ದಕ್ಕೂ ಜನ, ಎತ್ತು, ಕನಸು ಎಲ್ಲ ಅಲ್ಲಲ್ಲೇ ಒರಗಿದ್ದವು. ದಾಟಿಕೊಂಡು ಮನೆಗೆ ಬಂದಳು. ತೊಟ್ಟಿಲಲ್ಲಿ ಮಗು ಬಾಯಿ ತೆರೆದು ಮಲಗಿತ್ತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗಿತ್ತು. ಅಲ್ಲೇ ತೊಟ್ಟಿಲ ಕೆಳಗೆ ಉರುಳಿದಳು.

ಅಂದಿನಿಂದ ಆ ಊರಿನಲ್ಲಿ ಬೆಳಿಗ್ಗೆ ಒಂದು ಲೋಟ, ಇಳಿಹೊತ್ತಿಗೆ ಒಂದು ಲೋಟ. ಮೂರನೆಯದಕ್ಕೆ "ಆಯ್ತಾ?" ಎಂದು ಕೇಳುತ್ತಾರೆ, ಕೊಡುವುದಿಲ್ಲ. ನೀತಿ ಏನೆಂದರೆ, ಮಿತವಾಗಿ ಕುಡಿಯಿರಿ. ಅದಾಗದಿದ್ದರೆ ಉಪಚಾರವನ್ನಾದರೂ ಮಿತವಾಗಿ ಮಾಡಿ.

ಕತೆ ಇಲ್ಲಿ ಮಲಗಿತು. ಎಬ್ಬಿಸಬೇಡಿ.