ಬೆಲ್ಲದ ವ್ಯಾಪಾರಿಯ ಗುಳಿಗೆ ಡಬ್ಬಿ

ಶಿಷ್ಯ ಮಹಾಂತಪ್ಪ ಕೇಳಿದ: “ಗುರುಗಳೇ, ಹೃದಯಕ್ಕೆ ರಕ್ತ ಹೋಗುವುದು ಸ್ವಲ್ಪ ಕಡಿಮೆಯಾಗಿದೆ ಎಂದು ವೈದ್ಯರು ನನಗೆ ಗುಳಿಗೆ ಕೊಟ್ಟಿದ್ದಾರೆ. ಮೊದಲು ಮಠದ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಈಗ ಏನೂ ಇಲ್ಲ. ನೋವೇ ಇಲ್ಲದ ದಿನವೂ ಗುಳಿಗೆ ನುಂಗಬೇಕೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಕಬ್ಬಿನ ಗಾಣ ನಡೆಯುವ ಕಾಲದಲ್ಲಿ ಬೆಲ್ಲ ಕೊಂಡು ಕೋಣೆ ತುಂಬಿಸುತ್ತಿದ್ದ. ಪೇಟೆಯಲ್ಲಿ ಬೆಲ್ಲ ಸಿಗದಂತಾದಾಗ ಕೋಣೆಯ ಬಾಗಿಲು ತೆರೆಯುತ್ತಿದ್ದ. ಯಾರಿಗೂ ಬೇಡವಾದ ದಿನ ಸರಕು ಬಿಚ್ಚುವವನು ದಡ್ಡ ಎಂದು ಅವನ ತಂದೆ ಕಲಿಸಿದ್ದ. ಬೆಲ್ಲದ ಮಟ್ಟಿಗೆ ಅದು ಸರಿಯೇ.

ಒಮ್ಮೆ ಅವನಿಗೂ ನಿನ್ನದೇ ತೊಂದರೆ ಬಂತು. ವೈದ್ಯರು ದಿನಕ್ಕೊಂದು ಗುಳಿಗೆ ಕೊಟ್ಟರು, ತಂಬಾಕು ಬಿಡಿಸಿದರು, ಸಂಜೆ ನಿಧಾನವಾಗಿ ನಡೆಯಲು ಹೇಳಿದರು. ಅವನು ಎಲ್ಲವನ್ನೂ ಪಾಲಿಸಿದ. ನೋವು ನಿಂತಿತು. ಆಗ ಅವನ ವ್ಯಾಪಾರದ ಬುದ್ಧಿ ಎಚ್ಚರವಾಯಿತು. ನಡೆಯುವುದನ್ನು ಬಿಡಲಿಲ್ಲ, ತಂಬಾಕು ಮುಟ್ಟಲಿಲ್ಲ. ಗುಳಿಗೆಯನ್ನು ಮಾತ್ರ ದಿನವೂ ತಪ್ಪದೆ ತೆಗೆದು ಒಂದು ತಗಡಿನ ಡಬ್ಬಿಗೆ ಹಾಕತೊಡಗಿದ.

ಹೆಂಡತಿ ನೋಡಿದಳು. “ಬಾಯಿಗೆ ಹಾಕೋದು ಬಿಟ್ಟು ಡಬ್ಬಿಗೆ ಯಾಕ ಹಾಕ್ತೀರಿ?”

“ನೋವು ಇಲ್ಲದಾಗ ನುಂಗಿ ಯಾಕ ದಂಡ ಮಾಡ್ಲಿ? ನೋವು ಬಂದಾಗ ಬೇಕಾಗ್ತಾವ.”

ಅವಳು ಡಬ್ಬಿಗೆ ಒಂದು ಮುಚ್ಚಳ ಹುಡುಕಿ ಕೊಟ್ಟಳು. ವ್ಯಾಪಾರದಲ್ಲಿ ಅವನ ಅಂದಾಜು ಎಂದೂ ತಪ್ಪಿರಲಿಲ್ಲ. ಪಾಪ, ಅವಳನ್ನು ದೂರುವಂತಿಲ್ಲ.

ಡಬ್ಬಿ ತುಂಬುತ್ತ ಬಂತು. ಒಂದು ಸಂತೆಯ ದಿನ ತಕ್ಕಡಿ ಎತ್ತುವಾಗ ಅವನ ಎದೆ ಬಿಗಿಯಿತು, ಎಡಗೈ ಸೋತಿತು. ಡಬ್ಬಿ ತರಿಸಿಕೊಂಡು ಒಂದು ಹಿಡಿ ಗುಳಿಗೆ ನುಂಗಿದ. ಬಿಗಿತ ಸಡಿಲವಾಗಲಿಲ್ಲ. ಕಣ್ಣಿಗೆ ಕತ್ತಲೆ ಕವಿದು ಬೆಲ್ಲದ ರಾಶಿಯ ಮೇಲೆ ಒರಗಿದ.

ಓಡಿ ಬಂದ ವೈದ್ಯರು ಡಬ್ಬಿ ನೋಡಿದರು. “ಇವು ನೋವು ಬರದಂಗ ದಿನಾ ತಗೊಳ್ಳೋ ಗುಳಿಗಿ. ಬಂದ ಮ್ಯಾಲೆ ಹಿಡಿಗಟ್ಟಲೆ ನುಂಗಿದರ ಏನು ಬಂತು?” ಎಂದರು. ವ್ಯಾಪಾರಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯದು.

ಗುರುಗಳು ಕತೆ ನಿಲ್ಲಿಸಿದರು. ಮಹಾಂತಪ್ಪ ಮೆಲ್ಲನೆ ಕೇಳಿದ: “ಅವನು ಉಳಿದನೇ?”

ಗುರುಗಳು ಹೇಳಿದರು: “ಅದು ಇರಲಿ, ನಿನ್ನ ಡಬ್ಬಿ ಎಷ್ಟು ತುಂಬಿದೆ?”