ಗಾಳಿ ಬೇಡದ ಅಕಾರ್ಡಿಯನ್

“ಗುರುಗಳೇ, ಎರಡನ್ನೂ ಚೆನ್ನಾಗಿ ಪರೀಕ್ಷಿಸಿ, ಮೇಲಾದದ್ದನ್ನೇ ಆರಿಸಿಕೊಂಡವನು ಆಮೇಲೆ ಮರುಗುವುದುಂಟೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ವಾದಕನಿದ್ದ. ಮದುವೆಮನೆಗಳಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ. ಪಕ್ಕದಲ್ಲಿ ನಿಂತು ಅವನ ಹೆಂಡತಿ ಹಾಡುತ್ತಿದ್ದಳು. ತಿದಿಯನ್ನು ಎಳೆದು ಒತ್ತಿ ಗಾಳಿ ತುಂಬಬೇಕಾದ ಹಳೆಯ ವಾದ್ಯ ಅದು, ಬಹಳ ಭಾರ. ಅದರ ಪಟ್ಟಿ ಒತ್ತಿ ಒತ್ತಿ ಅವನ ಎಡಭುಜ ಬಾತುಕೊಂಡಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಬಿಸಿನೀರಿನ ಶಾಖ ಕೊಡುತ್ತಿದ್ದಳು.

“ಇನ್ನೂ ಆ ಕಬ್ಬಿಣದ ಕೂಸನ್ನು ಎದೆಗೆ ಕಟ್ಟಿಕೊಂಡು ತಿರುಗುತ್ತೀಯಲ್ಲೋ ಮಾರಾಯ!” ಎಂದು ಗೆಳೆಯನೊಬ್ಬ ಎಲೆಕ್ಟ್ರಾನಿಕ್ ಅಕಾರ್ಡಿಯನ್ ತಂದುಕೊಟ್ಟ.

ವಾದಕ ಆತುರಪಡಲಿಲ್ಲ. ಒಂದೇ ಹಾಡನ್ನು ಎರಡರಲ್ಲೂ ನುಡಿಸಿದ. ಗೆಳೆಯನನ್ನು ಗೋಡೆಯ ಕಡೆಗೆ ಮುಖ ಮಾಡಿ ಕೂರಿಸಿ, ಯಾವುದು ಯಾವುದೆಂದು ಕೇಳಿದ. ಗೆಳೆಯ ತಪ್ಪು ಹೇಳಿದ. ಹೊಸದು ಶ್ರುತಿ ಬಿಡುತ್ತಿರಲಿಲ್ಲ. ಎತ್ತಿದರೆ ಬಿದಿರಿನ ಬುಟ್ಟಿಯಷ್ಟು ಹಗುರ.

“ಇದಕ್ಕೆ ಗಾಳಿ ಬೇಡವೇ?” ಎಂದು ಹೆಂಡತಿ ಕೇಳಿದಳು.

“ಬೇಡ. ಎಷ್ಟು ಹೊತ್ತಾದರೂ ನುಡಿಯುತ್ತಲೇ ಇರುತ್ತದೆ. ನಡುವೆ ತಡೆಯೇ ಇಲ್ಲ.”

ಆಕೆ ಅದನ್ನೊಮ್ಮೆ ನೋಡಿದಳು. ಅವನ ಭುಜವನ್ನು ನೋಡಿದಳು. “ಇದೇ ಇರಲಿ” ಎಂದಳು.

ಹೊಸ ವಾದ್ಯದಲ್ಲಿ ಅವನು ಈಗ ಹಾಡಿನ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಿಲ್ಲದೆ ಹೋಗುತ್ತಿದ್ದ. ಆಕೆಯ ಹಾಡು ಸಾಲಿನ ಕೊನೆಯಲ್ಲಿ ತುಂಡಾಗತೊಡಗಿತು.

“ನಿನಗೆ ಉಸಿರು ಸಾಲುತ್ತಿಲ್ಲ. ವಯಸ್ಸಾಯಿತು ಕಣೇ” ಎಂದು ಅವನು ಹೇಳಿದ.

“ನನಗೊಬ್ಬಳಿಗೇ ಆಯಿತೇನೋ” ಎಂದು ಆಕೆ ನಕ್ಕಳು. ಕ್ರಮೇಣ ಹಾಡುವುದನ್ನೇ ಬಿಟ್ಟಳು. ಅವನೊಬ್ಬನೇ ಹೋಗಿ ನುಡಿಸಿ ಬರುತ್ತಿದ್ದ. ಭುಜ ವಾಸಿಯಾಯಿತು.

ಆಕೆ ತೀರಿಕೊಂಡ ಮೇಲೆ ಅವನು ಹಳೆಯ ವಾದ್ಯದ ಧೂಳು ಒರೆಸಿ, ಆಕೆ ಹಾಡುತ್ತಿದ್ದ ಹಾಡೊಂದನ್ನು ನುಡಿಸಿದ. ಸಾಲಿನ ಕೊನೆಯಲ್ಲಿ, ಪೂರ್ತಿ ಎಳೆದ ತಿದಿಯನ್ನು ಮತ್ತೆ ಒತ್ತುವಾಗ ಸ್ವರ ಒಂದು ಕ್ಷಣ ತಗ್ಗಿತು. ಮುಂದಿನ ಸಾಲಿನ ಕೊನೆಯಲ್ಲೂ ತಗ್ಗಿತು. ಆಕೆ ಉಸಿರೆಳೆದುಕೊಳ್ಳುತ್ತಿದ್ದುದು ಅಲ್ಲೇ. ಅಷ್ಟು ವರ್ಷ ಪಕ್ಕದಲ್ಲಿದ್ದರೂ ಅವನು ಅದನ್ನು ಗಮನಿಸಿರಲಿಲ್ಲ. ಹಾಡು ಮುಗಿಯುವ ಮೊದಲೇ ವಾದ್ಯವನ್ನು ಕೆಳಗಿಟ್ಟ.

ಗುರು ಕಥೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಕೆಗೆ ಮೊದಲೇ ತಿಳಿದಿತ್ತಲ್ಲ, ಗುರುಗಳೇ. ಒಂದು ಮಾತು ಹೇಳಬಹುದಿತ್ತು.”

“ಹೇಳಿದ್ದರೆ ಅವನು ಮತ್ತೆ ಆ ಭಾರವನ್ನು ಹೊರುತ್ತಿದ್ದ.”